ಬುಡ ಮೇಲಾದ ಹಲಸು

ಎಳ್ಳೆಣ್ಣೆಯಲ್ಲಿ ಅದ್ದಿದ ಬಟ್ಟೆ ದೇವಿಯ ಎಡ ಪಕ್ಕೆಯನ್ನು ಸವರಿದಾಗ ಶಾಂತರಾಜುವಿನ ಕೈ ಅಲ್ಲೇ ನಿಂತಿತು. ಒಣ ಮರದಲ್ಲಿ ಬರೀ ಕಲೆಯಂತಿದ್ದ ಗಂಟೊಂದು ಎಣ್ಣೆ ಕುಡಿದು ಎದ್ದು ಬಂದಿತ್ತು. ಹಿಂದೆ ಯಾವಾಗಲೋ ಅಲ್ಲಿ ಕೊಂಬೆ ಚಿಗುರಿತ್ತು. ಕೊಂಬೆ ಕಾಂಡದಿಂದ ಓರೆಯಾಗಿ ಮೇಲಕ್ಕೆ ಹೊರಡುತ್ತದೆ. ಇದು ದೇವಿಯ ಎದೆಯಿಂದ ಹೊರಟು ಕಾಲಿನ ಕಡೆಗೆ ಇಳಿದಿತ್ತು.

ಮೂವತ್ತು ವರ್ಷ ಉಳಿ ಹಿಡಿದವನಿಗೆ ಇನ್ನೇನು ಹೇಳಬೇಕು? ಮರದ ಬುಡ ದೇವರ ಪಾದಕ್ಕೆ, ತುದಿ ತಲೆಗೆ. ಮನೆಯ ಕಂಬಕ್ಕೇ ಈ ಕಟ್ಟಳೆ ತಪ್ಪುವಂತಿಲ್ಲ, ದೇವರಿಗಂತೂ ಕೇಳುವುದೇ ಬೇಡ. ಅವನು ಎರಡು ತಿಂಗಳು ಒಪ್ಪೊತ್ತು ಉಂಡು, ದಿನವೂ ಸ್ನಾನ ಮಾಡಿಯೇ ಉಳಿ ಮುಟ್ಟಿ, ಧನಗೆರೆಯ ಮಾರಮ್ಮನನ್ನು ತಲೆಕೆಳಗಾಗಿ ಕೆತ್ತಿ ಮುಗಿಸಿದ್ದ.

ತಪ್ಪಾಗಿದ್ದು ಸಾಮಿಲ್ಲಿನಲ್ಲಿ. ಬುಡದ ಕಡೆಗೆ ಅವನೇ ಕೆಮ್ಮಣ್ಣು ಬಳಿದು ಗುರುತು ಹಾಕಿದ್ದ. ಮಿಲ್ಲಿನವರು ಎರಡೂ ಕಡೆ ಸಮ ಮಾಡುವ ಭರದಲ್ಲಿ ಗುರುತಿದ್ದ ಬಿಲ್ಲೆಯನ್ನೇ ಕೊಯ್ದು ಸೌದೆಗೆ ಎಸೆದಿದ್ದರು. ಆ ಹೊತ್ತಿಗೆ ಟೀ ಕುಡಿಯಲು ಹೋಗಿದ್ದ ಶಾಂತರಾಜು ಬಂದ ಮೇಲೆ ಕೇಳಬಹುದಿತ್ತು. ಮರ ಮುಟ್ಟಿದರೆ ಸಾಕು ಅದರ ಜಾತಕ ಹೇಳುತ್ತೇನೆಂದು ಕೊಳ್ಳೇಗಾಲದ ತುಂಬ ಹೇಳಿಕೊಂಡು ತಿರುಗಿದ ಆಸಾಮಿ, ಕೇಳುವುದುಂಟೇ! ಒಂದೂವರೆ ಅಡಿಯ ತುಂಡಿನ ಮೇಲೆ ಅಂಗೈಯಾಡಿಸಿ, ಇದೇ ಬುಡ ಎಂದುಬಿಟ್ಟಿದ್ದ.

ಇನ್ನು ಉಳಿಯಿಂದ ದೇವಿಯ ಕಣ್ಣು ಬಿಡಿಸುವುದೊಂದೇ ಬಾಕಿ. ಅದು ಊರಿನವರ ಎದುರಿಗೇ ಆಗಬೇಕು. ಅಲ್ಲಿಯವರೆಗೆ ಅದು ಹಲಸಿನ ಮರ, ಬಿಡಿಸಿದ ಮೇಲೆ ತಾಯಿ. ಆಮೇಲೆ ತಿದ್ದುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಧನಗೆರೆಯವರು ಟೆಂಪೋ ಹತ್ತಿದೆವೆಂದು ಫೋನ್ ಮಾಡಿ ಆಗಲೇ ಅರ್ಧ ಗಂಟೆಯಾಗಿತ್ತು.

ಮಡಿಸೀರೆ ಉಟ್ಟು, ಕನ್ನಡಿ ಒರೆಸುತ್ತ ಬಂದ ಹೆಂಡತಿ ರುದ್ರಾಣಿ ಅವನ ಮುಖ ನೋಡಿದಳು. ಅವನು ಗಂಟು ತೋರಿಸಿದ. ಇಪ್ಪತ್ತೈದು ವರ್ಷ ಆಚಾರಿಯ ಜೊತೆ ಬಾಳಿದವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಊರ್ಗೋಗಿ ಬಣ್ಣ ಬಿದ್ರ ಯಾರ್ಗೂ ಕಾಣಾದಿಲ್ಲ" ಎಂದಳು, ದನಿ ತಗ್ಗಿಸಿ.

"ನಂಗ ಗೊತ್ತದಲ್ಲ."

"ನಿಮ್ಗ ಗೊತ್ತಿರದು ನಿಮ್ಮೊಳ್ಗೇ ಇರ್ಲಿ. ಬಾಯ್ಮುಚ್ಕಂಡು ಕಣ್ಣು ಬುಡ್ಸಿ ಕಳ್ಸಿ. ಆಡ್ಬುಟ್ರ ಇನ್ಯಾರು ನಿಮ್ ಕೈಗ ದೇವ್ರ ಕೊಟ್ಟಾರು?"

ಅವನ ಭಯ ಅದಲ್ಲ. ನಾಳೆ ಧನಗೆರೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೂ ಅದು ತನ್ನಿಂದಲೇ ಬಂದದ್ದು ಎಂದು ಅವನಿಗೆ ಅನ್ನಿಸದೆ ಇರುವುದಿಲ್ಲ. ಸಾಯುವವರೆಗೂ ಆ ಊರಿನ ಸುದ್ದಿಗೆ ಕಿವಿ ಕೊಟ್ಟು ಬೆಚ್ಚಿಬೀಳುತ್ತ ಬದುಕಬೇಕು. ತಲೆಕೆಳಗಾಗಿ ನಿಂತ ತಾಯಿ ಯಾರನ್ನು ಕಾದಾಳು?

ಟೆಂಪೋ ಬಂದು ನಿಂತಿತು. ಮೊದಲು ಇಳಿದದ್ದು ಗುಡಿಯ ಯಜಮಾನ ಪುಟ್ಟಮಲ್ಲಪ್ಪ. ಹಿಂದೆಯೇ, ತನ್ನ ಹಿತ್ತಿಲ ಹಲಸನ್ನು ದೇವಿಗೆಂದು ಕೊಟ್ಟಿದ್ದ ಮುದುಕಿ ಚಿಕ್ಕಬಸಮ್ಮ. ಉಳಿದವರು ಹೂವಿನ ಬುಟ್ಟಿ ಇಳಿಸುತ್ತಿದ್ದರು.

"ಏನಾಚಾರ್ರೇ, ತಾಯಿ ತಯಾರಾ?" ಎಂದರು ಪುಟ್ಟಮಲ್ಲಪ್ಪ.

ಶಾಂತರಾಜು ಇಬ್ಬರನ್ನೂ ಒಳಕ್ಕೆ ಕರೆದು ಬಾಗಿಲು ಮುಂದೆ ಮಾಡಿದ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಟೀ ಕುಡಿಯಲು ಹೋದದ್ದನ್ನೂ ಬಿಡಲಿಲ್ಲ. ರುದ್ರಾಣಿ ಗೋಡೆಗೆ ಮುಖ ತಿರುಗಿಸಿಕೊಂಡಳು.

ಪುಟ್ಟಮಲ್ಲಪ್ಪ ಹಲಗೆಯ ಮೇಲೆ ಕುಸಿದು ಕೂತರು. "ಸೋಮಾರ ಪ್ರತಿಷ್ಠೆ. ಮೂರು ಊರ್ಗ ಸಾರ್ಸಿವ್ನಿ. ಅಳೇ ದೇವ್ರ ಗೆದ್ಲು ತಿಂದದ" ಎಂದರು. ಗಂಟಿನ ಕಡೆ ನೋಡುತ್ತ, "ನೀನು ಯೋಳ್ದೇ ಇದ್ದಿದ್ರೇ ಚೆಂದಾಗಿತ್ತು ಕಣಪ್ಪ."

"ಯೋಳ್ದೇ ಇದ್ರ ಕೈ ಏಳಾದಿಲ್ಲ ಯಜಮಾನ್ರೇ."

"ಈಗ ಯೋಳಾಯ್ತಲ್ಲ. ನಾವ್ ನಾಕ್ ಜನ, ಇಲ್ಲೇ ಉಳೀತದ. ಈಗ ಎತ್ತು ಕೈಯ."

ಶಾಂತರಾಜು ಸಣ್ಣ ಉಳಿ ಹಿಡಿದ. ಮತ್ತೆ ಕೆಳಗಿಟ್ಟ. ಯಜಮಾನರು ಒಪ್ಪಿದರೆ ಆಯಿತೇ, ಮರ ಒಪ್ಪಬೇಡವೇ? ಅವನಿಗೆ ಅಳು ಬರುವಂತಾಯಿತು.

ಚಿಕ್ಕಬಸಮ್ಮ ಹತ್ತಿರ ಬಂದು ಗಂಟಿನ ಮೇಲೆ ಬೆರಳಿಟ್ಟಳು. ತುದಿಯಿಂದ ತುದಿಗೆ ಸವರಿದಳು.

"ಆಸ್ಪತ್ರ ದೂರಿದ್ದ ಕಾಲ್ದಲ್ಲಿ ನಮ್ಮೂರ್ ಮಕ್ಕಳೆಲ್ಲ ನನ್ ಕೈಗೇ ಬಂದದ್ದು" ಎಂದಳು. "ತಲ ಕೆಳಕ್ಕ ಮಾಡ್ಕಂಡೇ ಬಂದೋ. ಕಾಲ್ ಮುಂದಾಗಿ ಬಂದೋವ್ಕ ಮಾತ್ರ ನಾನು ಎದುರ್ಕತಿದ್ದಿ."

"ಅದ್ಕೂ ಇದ್ಕೂ ಎಲ್ಲಿಗೆಲ್ಲಿಗವ್ವ?" ಎಂದರು ಪುಟ್ಟಮಲ್ಲಪ್ಪ.

"ನಂಗೇನ್ ಶಾಸ್ತ್ರ ಗೊತ್ತಪ್ಪ? ಕಂಡದ್ದ ಯೋಳ್ದಿ." ಶಾಂತರಾಜುವಿನ ಕಡೆ ತಿರುಗಿ, "ಬುಡ್ಸು ಮಗ. ಒಳಗೇ ಎಷ್ಟೊತ್ತು ಇಟ್ಟೀಯ ಅವಳ?"

ಅಂಜಿಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಆದರೆ ಕೈ ಎದ್ದಿತು. ಊರಿನವರು ಒಳಗೆ ಬಂದು ಗೋಡೆಯುದ್ದಕ್ಕೂ ನಿಂತರು. ತಾಯಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ರುದ್ರಾಣಿ ಕನ್ನಡಿಯನ್ನು ಎದುರಿಗೆ ಹಿಡಿದಳು. ಶಾಂತರಾಜು ಪಕ್ಕದಿಂದ ಬಾಗಿ ಬಲಗಣ್ಣು ಬಿಡಿಸಿದ, ಆಮೇಲೆ ಎಡಗಣ್ಣು. ಉಸಿರು ಬಿಟ್ಟದ್ದು ಉಳಿ ಕೆಳಗಿಟ್ಟ ಮೇಲೆಯೇ.

ಟೆಂಪೋದಲ್ಲಿ ಹುಲ್ಲು ಹಾಸಿ ದೇವಿಯನ್ನು ಮಲಗಿಸಲು ಹೊರಟವರನ್ನು ಚಿಕ್ಕಬಸಮ್ಮ ತಡೆದಳು. ತಾನೇ ಹಿಂದೆ ಹತ್ತಿ, ಕಾಲು ಚಾಚಿ ಕೂತು, ಹೊಸ ಬಟ್ಟೆ ಸುತ್ತಿದ ದೇವಿಯನ್ನು ಮಡಿಲಿಗೆ ತೆಗೆದುಕೊಂಡಳು. ಹಸುಗೂಸಿಗೆ ಕೊಡುವಂತೆ ಎಡಗೈಯನ್ನು ಕುತ್ತಿಗೆಯ ಅಡಿಗೆ ಕೊಟ್ಟಳು.

ಬೀದಿಯ ತಿರುವಿನಲ್ಲಿ ಗುಂಡಿಯಿತ್ತು. ಡ್ರೈವರಿಗೆ ಹೇಳೋಣವೆಂದು ಶಾಂತರಾಜು ನಾಲ್ಕು ಹೆಜ್ಜೆ ಓಡಿದ. ಅಷ್ಟರಲ್ಲಿ ಚಕ್ರ ಇಳಿದು ಗಾಡಿ ಇಡಿಯಾಗಿ ಕುಲುಕಿತು. ಬುಟ್ಟಿ ಉರುಳಿ ಹೂವು ಚೆಲ್ಲಿತು, ನಿಂತಿದ್ದವರು ಒಬ್ಬರ ಮೇಲೊಬ್ಬರು ವಾಲಿದರು. ಮುದುಕಿಯ ಅಂಗೈ ಕುತ್ತಿಗೆಯಡಿಯಿಂದ ಅಲುಗಲಿಲ್ಲ.