ಗೆಲ್ಲಬಾರದ ವಾದ

ಪಾಕಿಯಸ್ ಹೇಳುವ ಕತೆಯಲ್ಲಿ ಒಂದು ಎಳೆಯೂ ಸಡಿಲವಾಗಿರಲಿಲ್ಲ. ರೋಮಿನ ವಕೀಲ ಟ್ರೆಬೆಲಿಯಸ್‌ಗೆ ಅನುಮಾನ ಹುಟ್ಟಿದ್ದೇ ಅದರಿಂದ. ತಪ್ಪು ಮಾಡದವನು ತಡವರಿಸುತ್ತಾನೆ, ಹಿಂದಿನದನ್ನು ಮುಂದೆ ಹೇಳುತ್ತಾನೆ, ತನ್ನ ಮೇಲೆ ತಾನೇ ರೇಗುತ್ತಾನೆ. ಈ ಆಸಾಮಿಯದು ಎಷ್ಟು ಸಲ ಕೇಳಿದರೂ ಅದೇ ಮಾತು: ಸಂಜೆ ಭಾವನ ಮನೆಗೆ ಹೋದೆ, ಜಗಳವಾಯಿತು, ಎದ್ದು ಬಂದೆ. ಭಾವ ಸೆಪ್ಪಿಯಸ್ ಕಂಚಿನ ದೀಪದ ಕಂಬದ ಏಟಿಗೆ ತಲೆಯೊಡೆದು ಸತ್ತಿದ್ದು ಆಮೇಲೆ.

"ಯಾರು ಹೊಡೆದಿರಬಹುದು?"

"ನನಗೇನು ಗೊತ್ತು ಸ್ವಾಮಿ? ಪುಣ್ಯಕ್ಕೆ ನರಳಲಿಲ್ಲ. ಒಂದೇ ಏಟು."

ಟ್ರೆಬೆಲಿಯಸ್ ತಲೆಯೆತ್ತಿದ. "ನರಳಲಿಲ್ಲ ಅಂತ ಯಾರು ಹೇಳಿದ್ರು?"

"ಜನ ಆಡ್ಕೋತಾರೆ."

ಜನ ಆಡಿಕೊಳ್ಳುತ್ತಿದ್ದುದೇ ಬೇರೆ. ಸೆಪ್ಪಿಯಸ್ ಎಷ್ಟೋ ಹೊತ್ತು ಒದ್ದಾಡಿ ಸತ್ತನೆಂದು ಮೀನಿನ ಅಂಗಡಿಯಿಂದ ಊರ ಸ್ನಾನಗೃಹದವರೆಗೆ ಎಲ್ಲರೂ ಹೇಳುತ್ತಿದ್ದರು. ಟ್ರೆಬೆಲಿಯಸ್ ಮುಂದೆ ಕೇಳಲಿಲ್ಲ. ಬಾವಿಯಲ್ಲಿ ಹಾವಿದೆಯೆಂದು ಗೊತ್ತಾದ ಮೇಲೆ ಮತ್ತೆ ಮತ್ತೆ ಇಣುಕುವವನು ವಕೀಲನಲ್ಲ.

ಊಟಕ್ಕೆ ಕೂತಾಗ ಹೆಂಡತಿ ನುಮಿಸಿಯಾ ಕೇಳಿಯೇ ಬಿಟ್ಟಳು. "ಅವನೇ ಕೊಂದಿದ್ದಾನಾ?"

"ಅವನೇ ಇರಬೇಕು."

"ಆದ್ರೂ ಅವನ ಪರ ನಿಲ್ತೀರಾ?"

"ಅವನಪ್ಪ ನಮ್ಮಪ್ಪನ ಜೊತೆ ಯುದ್ಧಕ್ಕೆ ಹೋಗಿದ್ದೋನು ಕಣೆ. ಆಗಲ್ಲ ಅಂದ್ರೆ ಊರಲ್ಲಿ ತಲೆಯೆತ್ತೋ ಹಾಗಿಲ್ಲ."

ಟ್ರೆಬೆಲಿಯಸ್‌ನ ಕೈಯಲ್ಲಿದ್ದ ಒಳ್ಳೆಯ ಆಯುಧವೆಂದರೆ ಸತ್ತವನ ಹೆಂಡತಿ ಪಾಕಿಯಾ. ಗಂಡನನ್ನು ಕಳೆದುಕೊಂಡವಳೇ ಆರೋಪಿ ತಮ್ಮನ ಪಕ್ಕ ಕೂತರೆ ತೀರ್ಪುಗಾರರ ಎದೆ ಕರಗದೆ ಇದ್ದೀತೆ? ಆದರೆ ಪಾಕಿಯಸ್ ಹಟ ಹಿಡಿದ. "ಅಕ್ಕ ಬರೋದು ಬೇಡ. ಅವಳನ್ನ ಬಿಟ್ಬಿಡಿ."

ಅಕ್ಕನಿಗೆ ನಿಜ ಗೊತ್ತಿದೆ, ಎಲ್ಲಿ ಬಾಯಿಬಿಡುತ್ತಾಳೋ ಎಂದು ಇವನಿಗೆ ದಿಗಿಲು. ಟ್ರೆಬೆಲಿಯಸ್ ಹಾಗೆಂದುಕೊಂಡು, ಅವನಿಗೆ ತಿಳಿಯದಂತೆ ತಾನೇ ಹೋಗಿ ಪಾಕಿಯಾಳನ್ನು ಒಪ್ಪಿಸಿದ.

"ಕೂದಲು ಬಿಚ್ಚಿಕೊಂಡು ಬಾಮ್ಮ. ನಾನು ನಿನ್ನ ಕಡೆ ಕೈ ತೋರಿಸಿದಾಗ ಹೆಗಲ ಹತ್ತಿರ ಬಟ್ಟೆ ಹರ್ಕೋ."

"ಹರ್ಕೊಳ್ಳಲೇಬೇಕಾ?"

"ಹರಿಯದ ಬಟ್ಟೆಗೆ ಯಾರಮ್ಮ ಅಳ್ತಾರೆ?"

ಅವಳು ಹೆಗಲ ಬಟ್ಟೆ ಸರಿಪಡಿಸಿಕೊಂಡು, "ತಮ್ಮನಿಗೋಸ್ಕರ ಬರ್ತೀನಿ" ಎಂದಳು.

ವಿಚಾರಣೆಯ ದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರೋಪ ಹೊರಿಸಿದ್ದ ಲೋಲಿಯಸ್ ಮೊದಲು ಮಾತಾಡಿ ಬೆವರು ಒರೆಸಿಕೊಂಡು ಕೂತ. "ಇನ್ನು ನಿನ್ನ ನಾಟಕ ಶುರು ಮಾಡಪ್ಪ" ಎಂದು ಟ್ರೆಬೆಲಿಯಸ್‌ನನ್ನು ಕುಟುಕಿದ. ಆರೋಪಿಗಳ ವಾಡಿಕೆಯಂತೆ ಮಾಸಿದ ಬಟ್ಟೆ, ಕೆದರಿದ ಗಡ್ಡದಲ್ಲಿದ್ದ ಪಾಕಿಯಸ್ ಅಕ್ಕನನ್ನು ಕಂಡದ್ದೇ ಬಿಳಿಚಿಕೊಂಡ.

ಟ್ರೆಬೆಲಿಯಸ್ ಎದ್ದ. ತಾನು ನಂಬದ ಕಕ್ಷಿದಾರನ ಪರವಾಗಿಯೇ ಅವನ ಮಾತು ಹೆಚ್ಚು ಚೆನ್ನಾಗಿ ಹರಿಯುತ್ತಿತ್ತು. ಪಾಕಿಯಸ್ ಇರುವೆಯನ್ನೂ ತುಳಿಯದವನು ಎಂದ. ಭಾವ ಸತ್ತರೆ ಇವನಿಗೆ ಚಿಕ್ಕಾಸಿನ ಲಾಭವಿಲ್ಲ ಎಂದ. ಜನ ಹೌದು ಹೌದೆಂದು ತಲೆಯಾಡಿಸತೊಡಗಿದಾಗ ದನಿ ಏರಿಸಿದ.

"ಮಹನೀಯರೇ, ಇವನಿಗೆ ಈ ಸಾವಿನಿಂದ ದಕ್ಕಿದ್ದು ಮಾಸಿದ ಬಟ್ಟೆ ಮಾತ್ರ! ಈ ಸಾವಿನಿಂದ ಯಾರ ಉಸಿರು ಹಗುರಾಯಿತೋ ಅವರನ್ನು ಹುಡುಕಿ. ಇವನನ್ನಲ್ಲ. ಈ ದುಃಖಿ ವಿಧವೆಯನ್ನೇ ಕೇಳಿ!"

ಕೈ ಅವಳತ್ತ ಚಾಚಿತು. ಪಾಕಿಯಾ ಹೇಳಿಕೊಟ್ಟಂತೆಯೇ ಬಟ್ಟೆ ಹರಿದುಕೊಂಡಳು.

ಹೆಗಲ ಮೇಲೆ ಸುಟ್ಟ ಗಾಯದ ಕಲೆಗಳು. ಹಳೆಯವು, ಅವುಗಳ ಮೇಲೆ ಹೊಸವು. ಕತ್ತಿನಿಂದ ತೋಳಿನವರೆಗೆ ಬಿಟ್ಟ ಜಾಗವೇ ಇರಲಿಲ್ಲ.

ಮುಂದಿನ ಸಾಲಿನ ತೀರ್ಪುಗಾರನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಉಸುರಿದ. ಇಬ್ಬರೂ ಅವಳನ್ನೇ ದಿಟ್ಟಿಸಿದರು. ಲೋಲಿಯಸ್ ಮೆಲ್ಲಗೆ ಕತ್ತು ಮುಂದೆ ಚಾಚಿದ. ಯಾರ ಉಸಿರು ಹಗುರಾಯಿತು? ತನ್ನ ಪ್ರಶ್ನೆಗೆ ಉತ್ತರ ತನ್ನ ಬೆರಳ ತುದಿಯಲ್ಲೇ ನಿಂತಿದ್ದು ಟ್ರೆಬೆಲಿಯಸ್‌ಗೆ ಕಂಡಿತು. ಚಾಚಿದ ಕೈಯನ್ನು ಸರಕ್ಕನೆ ಕೆಳಗಿಳಿಸಿದ.

"ಸಾಕು ನಿಲ್ಸಯ್ಯ!"

ಕೂಗಿದ್ದು ಪಾಕಿಯಸ್. "ಇವನ ಮಾತು ಕೇಳಬೇಡಿ. ಬರೀ ಸುಳ್ಳು. ಕೊಂದಿದ್ದು ನಾನು. ನನಗೆ ತೀರ್ಪು ಬೇಡ, ಊರು ಬಿಟ್ಟು ಹೋಗ್ತೀನಿ."

ತೀರ್ಪು ಬೀಳುವ ಮುನ್ನ ದೇಶ ಬಿಡುವ ಹಕ್ಕು ರೋಮಿನ ಪ್ರಜೆಗೆ ಇದ್ದೇ ಇತ್ತು. ಹಾಗೆ ಹೋದವನು ಮತ್ತೆ ಕಾಲಿಡುವಂತಿಲ್ಲ, ಅಷ್ಟೆ. ಗುಂಪು ಹೋ ಎಂದು ಉಗಿಯುತ್ತಿದ್ದಂತೆ ಅವನು ಅದರ ನಡುವೆಯೇ ನಡೆದುಹೋದ.

ಇಳಿಹೊತ್ತಿಗೆ ಒಸ್ತಿಯಾ ಬಂದರಿನ ಕಡೆಯ ಊರಬಾಗಿಲಲ್ಲಿ ಟ್ರೆಬೆಲಿಯಸ್ ಅವನನ್ನು ಹಿಡಿದ. ಹೇಸರಗತ್ತೆಯ ಮೇಲೆ ಒಂದೇ ಒಂದು ಗಂಟಿತ್ತು.

"ಅವಳೇ ಅಲ್ವಾ?"

ಪಾಕಿಯಸ್ ಸುತ್ತ ನೋಡಿದ. "ನಾನು ಜಗಳ ಆಡಿ ಬಾಗಿಲವರೆಗೆ ಬಂದಿದ್ದೆ. ಒಳಗೆ ಸದ್ದಾಯ್ತು. ಓಡಿಹೋಗಿ ನೋಡಿದ್ರೆ ಅಕ್ಕ ದೀಪದ ಕಂಬ ಹಿಡ್ಕೊಂಡು ನಿಂತಿದ್ಳು. ಅವಳನ್ನ ಸುಡೋಕೆ ಭಾವ ಕಾಯಿಸಿದ ಕಬ್ಬಿಣದ ಕಡ್ಡಿ ಇನ್ನೂ ಅವನ ಕೈಯಲ್ಲೇ ಇತ್ತು. ಅವಳ ಕೈ ತೊಳೆಸಿ, ಬೀದಿಯವರೆಲ್ಲ ನೋಡೋ ಹಾಗೆ ನಾನು ಹೊರಗೆ ಬಂದೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಅವಳ ಹೆಸರೆತ್ತದೆ ವಾದ ಮಾಡ್ತಿದ್ರಾ? ನಿಮಗೆ ಗೆಲ್ಲೋ ಚಟ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒಪ್ಕೋತೀನಿ ಅಂತ ಅಳ್ತಿದ್ಳು. ಬಾಯಿ ಬಿಡಲ್ಲ ಅಂತ ಅವಳ ಮಕ್ಕಳ ಮೇಲೆ ಆಣೆ ಹಾಕಿಸಿ ಬಂದಿದ್ದೀನಿ."

ಕೊಲೆಗಾರನೆಂದು ತಾನು ಅಷ್ಟು ದಿನ ಸರಿಯಾಗಿ ಮುಖ ಕೊಟ್ಟು ಮಾತಾಡದ ಮನುಷ್ಯನನ್ನು ಟ್ರೆಬೆಲಿಯಸ್ ತಬ್ಬಿಕೊಳ್ಳಲು ಹೋದ. ಪಾಕಿಯಸ್ ಹೇಸರಗತ್ತೆಯ ಹಗ್ಗ ಎಳೆದು ಹೊರಟೇಬಿಟ್ಟ.

ಮರಳಿ ಬರುವಾಗ ಚೌಕದ ಮೂಲೆಯಲ್ಲಿ ಲೋಲಿಯಸ್ ಕಾಯುತ್ತಿದ್ದ. "ಗೆದ್ದ ವಾದ ಕೈಬಿಟ್ಟೋಯ್ತಲ್ಲ ಮಾರಾಯ! ಆದ್ರೆ ಆ ಹೆಂಗಸಿನ ಹೆಗಲು ನೋಡಿದೆಯಾ? ನನಗ್ಯಾಕೋ ಅನುಮಾನ."

ಟ್ರೆಬೆಲಿಯಸ್ ಅವನ ಹೆಗಲ ಮೇಲೆ ಕೈಹಾಕಿ ನಕ್ಕ. "ಅನುಮಾನ ಎಂಥದ್ದೋ? ನಾನು ಮೊದಲ ದಿನವೇ ಕಂಡ್ಕೊಂಡಿದ್ದೆ, ಅವನೇ ಕೊಲೆಗಾರ ಅಂತ. ಬಾ, ದ್ರಾಕ್ಷಾರಸ ಕುಡಿಯೋಣ. ಇವತ್ತು ನೀನು ಗೆದ್ದಿದ್ದೀಯ."

ಲೋಲಿಯಸ್ ಅವನ ಮುಖವನ್ನೇ ನೋಡುತ್ತಾ ನಿಂತ. ಟ್ರೆಬೆಲಿಯಸ್ ನಗುತ್ತಲೇ ಇದ್ದ. ಕೊನೆಗೆ ಲೋಲಿಯಸ್ ಭುಜ ಕುಣಿಸಿ, "ಸರಿ, ನಡಿ" ಎಂದ.