ಮೊದಲನೇ ಸೇರು

ಗುರುರಾಜ ಮಾಸ್ತರರ ಪಾಠಕ್ಕೆ ಆರು ವರ್ಷ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹಾಗಂತ ಅವರು ಕೆಟ್ಟ ಮಾಸ್ತರರೇನಲ್ಲ. ಗದುಗಿನ ಆ ಕಾಲೇಜಿನಲ್ಲಿ ಬಿ.ಬಿ.ಎ. ಹುಡುಗರಿಗೆ ಲೆಕ್ಕಶಾಸ್ತ್ರ ಕಲಿಸುತ್ತ ತಲೆ ಹಣ್ಣಾದವರು. ಬಾರದೇ ಇದ್ದದ್ದು ಇನ್ನೊಂದು ಪಾಠಕ್ಕೆ.

ಪರದೇಶದ ಒಂದೆರಡು ವಿಶ್ವವಿದ್ಯಾಲಯಗಳ ಜೊತೆ ಕಾಲೇಜು ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿಯ ಹುಡುಗರು ಒಂದು ಸೆಮಿಸ್ಟರ್ ಇಲ್ಲಿ ಕಲಿತು ಅಂಕ ತೆಗೆದುಕೊಂಡು ಹೋಗಬಹುದು. ಹಾಗೆ ಬಂದ ಅತಿಥಿಗಳು ಆಯ್ದುಕೊಳ್ಳಬಹುದಾದ ವಿಷಯಗಳದೊಂದು ಪಟ್ಟಿ ಇತ್ತು. ಜಾಹೀರಾತು, ಬ್ಯಾಂಕಿಂಗ್, ಸಿಬ್ಬಂದಿ ನಿರ್ವಹಣೆ ಅಂತ ಮೇಲಿನಿಂದ ಆರು. ಏಳನೆಯದು ಗುರುರಾಜರು ತಾವೇ ಹಟ ಹಿಡಿದು ಸೇರಿಸಿದ್ದು: ‘ಸಂತೆ ಮತ್ತು ಸಣ್ಣ ವ್ಯಾಪಾರ’. ಬಂದವರೆಲ್ಲ ಮೇಲಿನ ಆರನ್ನೇ ಆರಿಸಿಕೊಳ್ಳುತ್ತಿದ್ದರು. ಏಳನೆಯದು ಒಗ್ಗರಣೆಯ ಕರಿಬೇವಿನ ಹಾಗೆ ಎಲೆಯ ಅಂಚಿಗೆ ಉಳಿಯುತ್ತಿತ್ತು.

“ಗುರುರಾಜರ, ಈ ಸಲನೂ ಯಾರೂ ಪಾಸಾಗಿ ಹೋಗಲಿಲ್ಲಂದ್ರ ಅದನ್ನ ಪಟ್ಟಿಯಿಂದ ತಗದುಬಿಡೂಣು. ಸುಮ್ನ ಜಾಗಾ ಯಾಕ?” ಎಂದಿದ್ದರು ಪ್ರಿನ್ಸಿಪಾಲ ಸಂಜೀವ.

ಆ ಮಾತಿನ ಬೆನ್ನಿಗೇ ಬಂದವಳು ಜಾಸ್ಮಿನ. ಜರ್ಮನಿಯ ಯಾವುದೋ ಸಣ್ಣ ಊರಿನವಳು, ಇಪ್ಪತ್ತರ ಹುಡುಗಿ, ಬಿಸಿಲಿಗೆ ಎರಡೇ ದಿನದಲ್ಲಿ ಮೂಗು ಸುಲಿಸಿಕೊಂಡವಳು. ಪಟ್ಟಿಯನ್ನು ಕೆಳಗಿನಿಂದ ಮೇಲೆ ಓದುವುದು ಅವಳ ಅಭ್ಯಾಸವೋ ಏನೋ, ಮೊದಲು ಏಳನೆಯದಕ್ಕೇ ಗೆರೆ ಹಾಕಿದಳು. ಗುರುರಾಜರು ಅವತ್ತು ಮನೆಗೆ ಹೋಗುವಾಗ ಪೇಡೆ ಒಯ್ದರು. ಎಂಬತ್ತು ದಾಟಿದ ಅವರ ತಾಯಿ ತಾರಾಬಾಯಿ “ಯಾರಿಗೆ ಕೂಸು ಹುಟ್ಟೇದೋ?” ಎಂದು ಕೇಳಿದರು.

ಮೊದಲ ದಿನ ಅವಳೊಬ್ಬಳೇ ಕೂತ ಕೋಣೆಯಲ್ಲಿ ಮಾಸ್ತರರು ಹಲಗೆಯ ಮೇಲೆ ಐದು ಕನ್ನಡ ಶಬ್ದ ಬರೆದರು: ಬಂಡವಾಳ, ಖರೀದಿ, ಮಾರಾಟ, ಲಾಭ, ಹಾನಿ. ಲಾಭ ಅಂದರೆ ಏನೆಂದು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಬಿಡಿಸಿ ಹೇಳಿದರು. ಹುಡುಗಿ ತಲೆಯಾಡಿಸಿ ತನ್ನ ಲಿಪಿಯಲ್ಲಿ ಬರೆದುಕೊಂಡಳು. ಅನರ್ಥಕ್ಕೆ ಅಲ್ಲೇ ಬೀಜ ಬಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಪಾಠದ ಅರ್ಧ ಭಾಗ ಬಯಲಲ್ಲಿ. ಎರಡು ತಿಂಗಳು ಒಬ್ಬ ವ್ಯಾಪಾರಸ್ಥರ ಹತ್ತಿರ ಕೂತು ಕಲಿತು ವರದಿ ಬರೆಯಬೇಕು. ಗುರುರಾಜರು ಅವಳನ್ನು ಲಕ್ಷ್ಮೇಶ್ವರದ ಮಂಜವ್ವನ ಕೈಗೆ ಒಪ್ಪಿಸಿದರು. ಮಂಜವ್ವನ ಮಗ ಸೋಮೇಶ ಅವರ ಹಳೇ ವಿದ್ಯಾರ್ಥಿ. ಅವಳ ಅಂಗಡಿ ಅಂದರೆ ಪೇಟೆಯ ಅಂಚಿಗೆ ಒಂದು ತಗಡಿನ ಚಪ್ಪರ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಗಂಟು ಕಟ್ಟಿಕೊಂಡು ತರುವ ಹೆಸರು, ಅಲಸಂದಿ, ಮಡಿಕೆಯನ್ನು ಸೇರಿನಿಂದ ಅಳೆದು ಕೊಳ್ಳುವುದು, ಹಸನು ಮಾಡಿ ಮಾರುವುದು. ರೊಕ್ಕದ ಬಾಬತ್ತೆಲ್ಲ ಒಳಗೆ ಸೋಮೇಶನ ಮೊಬೈಲಿನಲ್ಲಿ. ಸೇರು ಮಾತ್ರ ಮಂಜವ್ವನ ಕೈಯಲ್ಲಿ.

ಹುಡುಗಿ ದಿನಾ ಶಿರಹಟ್ಟಿ ಮೇಲಿನ ಬಸ್ಸಿಗೆ ಹೋಗಿ ಬರುತ್ತಿದ್ದವಳು ತಿಂಗಳೊಪ್ಪತ್ತಿನಲ್ಲಿ ಅಲ್ಲೇ ಉಳಿಯತೊಡಗಿದಳು. ಜಾಸ್ಮಿನ ಅಂದರೆ ಮಲ್ಲಿಗೆ ಎಂದು ಸೋಮೇಶ ಹೇಳಿದ್ದೇ ತಡ, ಮಂಜವ್ವ ಅವಳನ್ನು ಮಲ್ಲವ್ವ ಮಾಡಿಬಿಟ್ಟಳು. ರೊಟ್ಟಿ ತಟ್ಟಲು ಕಲಿಸಿದಳು. ತನ್ನ ತವರು ಕೊರ್ಲಹಳ್ಳಿಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂಡಿಸಿದಳು. ಕನ್ನಡವನ್ನೂ ಕಲಿಸಿದಳು, ಆದರೆ ಅದು ಮಂಜವ್ವ ಮಗನಿಗೆ ಆಡುವ ಕನ್ನಡ. ಒಂದು ದಿನ ಜಾಸ್ಮಿನ ಪ್ರಿನ್ಸಿಪಾಲರನ್ನು ಕಂಡು, ಕುರ್ಚಿ ಸರಿಸಿ, ಬಾಯಿ ತುಂಬ ನಕ್ಕು, “ಕುಂಡ್ರಲೇ ಸರ್” ಅಂದಳು. ಗುರುರಾಜರು ಆಮೇಲೆ ಒಂದಿಡೀ ತಾಸು ಅವಳಿಗೆ ‘ರಿ’ ಹಚ್ಚುವುದನ್ನು ಕಲಿಸಿದರು.

ಹೀಗೆ ಎಲ್ಲ ಸುರಳೀತ ನಡೆದಿತ್ತು, ವರದಿ ಕೈಗೆ ಬರುವ ತನಕ.

ಅವತ್ತು ಶನಿವಾರ. ಸೋಮವಾರ ಹುಬ್ಬಳ್ಳಿಯಿಂದ ಪರೀಕ್ಷಕರು ಬರುವವರು, ಬುಧವಾರ ಹುಡುಗಿಯ ವಿಮಾನ. ಜಾಸ್ಮಿನ ವರದಿ ಹಿಡಿದುಕೊಂಡು ಗುರುರಾಜರ ಮನೆಗೇ ಬಂದಿದ್ದಳು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಮಾಸ್ತರರು ಹಾಳೆ ತಿರುವುತ್ತ ಹೋದಂತೆ ಅವರ ಎದೆ ಉಬ್ಬುತ್ತ ಹೋಯಿತು. ಕೊಳ್ಳುವಾಗ ಮಂಜವ್ವ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವುದು, ಮಾರುವಾಗ ಮೇಲೊಂದು ಹಿಡಿ ಕೊಸರು ಹಾಕುವುದು, ಒಂದನ್ನೂ ಹುಡುಗಿ ಬಿಟ್ಟಿರಲಿಲ್ಲ. ಹನ್ನೊಂದನೇ ಹಾಳೆಗೆ ಬಂದು ಅವರು ನಿಂತರು. ಮೇಲೆ ‘ಖರೀದಿಯ ತಖ್ತೆ’ ಎಂದು ಬರೆದು ಗೆರೆ ಎಳೆದಿತ್ತು. ಯಾರು ಎಷ್ಟು ತಂದರು, ಎಷ್ಟು ಸೇರು ಅಳೆದದ್ದಾಯಿತು ಎಂದು ತುಂಬಬೇಕಾದ ಮನೆಗಳೆಲ್ಲ ಖಾಲಿ.

“ಇದೇನವಾ, ತಖ್ತೆ ತುಂಬೇ ಇಲ್ಲಲ್ಲ? ಬರೀಲಿಕ್ಕೆ ಮರತೀಯೇನು?”

“ಮರತಿಲ್ರಿ ಸರ್. ಬರಿಯಂಗಿಲ್ರಿ.”

“ಬರಿಯಂಗಿಲ್ಲಂದ್ರ? ಇದು ಇಲ್ಲದ ವರದಿ ಮುಟ್ಟಂಗಿಲ್ಲ ಅವರು. ನೀ ನಪಾಸ ಆಗ್ತಿ. ನಿಮ್ಮೂರಾಗ ಈ ಸೆಮಿಸ್ಟರ್ ಹಿಡಿಯೂದಿಲ್ಲ. ಗೊತ್ತದನೋ ಇಲ್ಲೋ?”

“ಗೊತ್ತೈತ್ರಿ.”

“ಎಣಿಕಿ ಬರದಿಟ್ಟಿಲ್ಲೇನು?”

“ಬರದೀನ್ರಿ. ಎಲ್ಲಾ ಐತಿ. ಕೊಡಂಗಿಲ್ರಿ.”

ಗುರುರಾಜರಿಗೆ ಸಿಟ್ಟು ಬಂತು. ಆರು ವರ್ಷಕ್ಕೆ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ. ಅವಳನ್ನು ತಮ್ಮ ಕೈಯಿಂದಲೇ ನಪಾಸು ಮಾಡಬೇಕೇ? ಏನೇನೋ ಅಂದರು. ಸೋಮಾರಿ ಅಂದರು, ಹಟಮಾರಿ ಅಂದರು, ಹೊಳೆ ದಾಟುವ ಹೊತ್ತಿಗೆ ಹರಿಗೋಲು ಮುಳುಗಿಸುತ್ತೀ ಅಂದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಸುಲಿದ ಮೂಗಿನ ತುದಿಯಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಮಾಸ್ತರರು ಗಪ್ಪಾದರು.

ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ತಾರಾಬಾಯಿಯ ಧ್ವನಿ ಕೇಳಿಸಿತು. ಹುಡುಗಿಯೂ ಊಟಕ್ಕೆ ಇದ್ದಾಳೆಂದು ಅವರು ಡಬ್ಬಿಯಿಂದ ಅಕ್ಕಿ ಅಳೆದು ಬುಟ್ಟಿಗೆ ಹಾಕುತ್ತಿದ್ದರು. ಕಣ್ಣು ಮಂಜಾದ ಮೇಲೆ ಬಾಯಿ ಬಿಟ್ಟು ಎಣಿಸುವುದು ರೂಢಿಯಾಗಿತ್ತು.

“ಲಾಭ... ಎರಡು... ಮೂರು...”

ಜಾಸ್ಮಿನ ಥಟ್ಟನೆ ತಲೆ ಎತ್ತಿದಳು. ಅಡುಗೆಮನೆಯ ಬಾಗಿಲನ್ನೂ ಮಾಸ್ತರರ ಮುಖವನ್ನೂ ನೋಡಿದಳು.

“ಸರ್, ಅಜ್ಜಿ ಯಾರ ಅಕ್ಕಿ ಕದಿಯಾಕತ್ತಾರ್ರಿ?”

“ಏನಂದಿ?”

“ಅಜ್ಜಿನೂ ಲಾಭ ಅಂದ್ರಲ್ರೀ. ಮಂಜವ್ವನೂ ಹಂಗ ಅಂತಾಳ್ರಿ.” ಹುಡುಗಿಯ ಕಟ್ಟೆ ಒಡೆಯಿತು. “ಯಾರ ಕಾಳು ತಂದ್ರೂ ಮೊದಲನೇ ಸೇರು ತನ್ನ ರಾಶಿಗೆ ಹಾಕಿ ಲಾಭ ಅಂತಾಳ್ರಿ. ಆಮ್ಯಾಲ ಎರಡು ಅಂತಾಳ್ರಿ. ಒಂದು ಅನ್ನೂದ ಇಲ್ರಿ! ಆ ಸೇರಿಗೆ ರೊಕ್ಕಾ ಕೊಡೂದಿಲ್ಲ, ಅದು ಆಕೀ ಲಾಭ. ನಾ ಎರಡು ತಿಂಗಳ ನೋಡೀನ್ರಿ. ಮಂದಿಗೆ ಹಿಡಿಹಿಡಿ ಕೊಸರು ಕೊಡೂದು ಆ ಪಾಪಾ ಕಳ್ಕೊಳ್ಳಾಕ ಇರಬೇಕ್ರಿ. ತಖ್ತೆ ಬರದ್ರ ಎಲ್ಲಾರಿಗೂ ತಿಳೀತೈತಿ. ಸುಳ್ಳ ಬರಿಯಾಕ ನನಗ ಬರೂದಿಲ್ರಿ, ಖರೆ ಬರದು ಮಂಜವ್ವನ್ನ ಕಳ್ಳಿ ಮಾಡಾಕೂ ಆಗೂದಿಲ್ರಿ. ನಪಾಸ ಮಾಡ್ರಿ ಸರ್.”

ಗುರುರಾಜರು ಮೊದಲು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ತಾರಾಬಾಯಿ ಅಕ್ಕಿ ಅಳೆಯುತ್ತಿದ್ದ ವಾಟಗ ಹಿಡಿದುಕೊಂಡೇ ಬಾಗಿಲಿಗೆ ಬಂದು, “ಏನಾತೋ ನಿನಗ?” ಎಂದು ಕೇಳುವ ಹೊತ್ತಿಗೆ ಆ ನಗು ಎಲ್ಲೋ ನಡುವೆ ತಿರುಗಿ ಮಾಸ್ತರರ ಕಣ್ಣು ತುಂಬಿತ್ತು. ಈ ಕೂಸು ತನ್ನ ಅರ್ಧ ವರ್ಷವನ್ನು ಹಾಳು ಮಾಡಿಕೊಳ್ಳಲು ತಯಾರಾಗಿ ಕೂತಿತ್ತು, ಕಳ್ಳಿ ಎಂದು ತಾನು ನಂಬಿದ್ದ ಒಬ್ಬ ಮುದುಕಿಯ ಮಾನ ಉಳಿಸುವ ಸಲುವಾಗಿ. ಅಂಥದ್ದಕ್ಕೆ ತಾವು ಸೋಮಾರಿ ಅಂದಿದ್ದರು.

“ತಪ್ಪು ನಂದವಾ,” ಎಂದರು ಅವರು. “ಹಲಗಿ ಮ್ಯಾಲೆ ಲಾಭ ಅಂತ ಬರದು ಹತ್ತು ನಿಮಿಷ ಹೇಳಿದೆ. ನಮ್ಮವ್ವ ದಿನಾ ಅನ್ನೂ ಲಾಭ ಹೇಳೂದ ಬಿಟ್ಟೆ. ಹುಟ್ಟಿದಾಗಿಂದ ಕಿವಿಯೊಳಗ ಇದ್ದದ್ದು ನೋಡು, ಹೇಳಬೇಕಂತ ಹೊಳೀಲೇ ಇಲ್ಲ. ಅಳಿಯೋ ಮುಂದ ನಾವು ಒಂದು ಅನ್ನೂದಿಲ್ಲ. ಒಂದು ಅಂದ್ರ ಒಂಟಿ ಅಲ್ಲೇನು? ರಾಶಿ ಮುಂದ ಒಂಟಿ ಮಾತು ಬ್ಯಾಡಂತ ಲಾಭ ಅಂತೀವಿ. ಲಾಭ ಅಂದ್ರ ಒಂದು. ಅಷ್ಟ. ಅದಕ್ಕೂ ರೊಕ್ಕಾ ಕೊಟ್ಟಾಳ ಮಂಜವ್ವ. ಬೇಕಾದ್ರ ಸೋಮೇಶನ್ನ ಕೇಳು.”

ಜಾಸ್ಮಿನ ಬಾಯಿಯಲ್ಲೇ ಎಣಿಸಿ ನೋಡಿದಳು: ಲಾಭ, ಎರಡು, ಮೂರು. ಬೆರಳು ಮಡಚಿ ಇನ್ನೊಮ್ಮೆ ಎಣಿಸಿದಳು. ಮೂರಕ್ಕೆ ಮೂರೇ ಬೆರಳು. ತಾರಾಬಾಯಿಯ ಕಡೆ ನೋಡಿ ಕೈಮುಗಿದು ಬಿಟ್ಟಳು. ಆ ಮುದುಕಿಗೆ ಏನೂ ತಿಳಿಯಲಿಲ್ಲ, ಆದರೂ “ಛಲೋ ಆಗಲಿ” ಎಂದು ಹರಸಿದರು.

ತಖ್ತೆ ತುಂಬಲು ಅರ್ಧ ತಾಸು ಸಾಕಾಯಿತು. ಪರೀಕ್ಷಕರು ಇನ್ನು ಎಲ್ಲಿಯೂ ಬೆರಳು ಇಡುವಂತಿರಲಿಲ್ಲ. ಪಟ್ಟಿಯ ಏಳನೆಯದು ಉಳಿಯಿತು ಎಂದು ಗುರುರಾಜರು ನಿರಾಳವಾಗಿ ಊಟಕ್ಕೆ ಕೂತರೆ ಹುಡುಗಿ ಅನ್ನ ಮುಟ್ಟದೆ ಹೇಳಿದಳು:

“ನಾ ಲಕ್ಷ್ಮೇಶ್ವರಕ್ಕ ಹೋಗಬೇಕ್ರಿ. ಮಂಜವ್ವನ ಮುಂದ ತಪ್ಪಾತು ಅನ್ನಬೇಕ್ರಿ.”

“ಹುಚ್ಚಿ! ಆಕಿಗೆ ಗೊತ್ತ ಇಲ್ಲ. ಇಲ್ಲದ್ದು ಹೇಳಿ ಯಾಕ ಮನಸು ನೋಯಸ್ತಿ?”

“ನನಗ ಗೊತ್ತೈತಲ್ರಿ.”

ಊಟ ಮುಗಿಸಿ ಇಬ್ಬರೂ ಬಸ್ಸು ಹತ್ತಿದರು. ಶಿರಹಟ್ಟಿ ದಾಟುವ ತನಕ ಹುಡುಗಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಮಂಜವ್ವನನ್ನು ಗುರುರಾಜರು ಬಲ್ಲರು. ಪೇಟೆಯಲ್ಲಿ ನಲವತ್ತು ವರ್ಷ ಸೇರು ಹಿಡಿದ ಕೈ ಅದು. ಹೆಸರಿಗೆ ಕಪ್ಪು ಹತ್ತಿದರೆ ಸ್ವಂತ ಮಗನನ್ನೂ ಬಿಡುವ ಹೆಂಗಸಲ್ಲ.

ಚಪ್ಪರದ ಕೆಳಗೆ ಮಂಜವ್ವ ಮೊರದಲ್ಲಿ ಹೆಸರು ಕೇರುತ್ತಿದ್ದಳು. ಜಾಸ್ಮಿನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಹರಕುಮುರುಕು ಮಾತಿನಲ್ಲಿ, ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟಳು. ಮಂಜವ್ವನ ಕೈಯಲ್ಲಿ ಮೊರ ನಿಂತಿತು. ಮುಖದ ನಗೆ ಇಳಿಯಿತು. ಗುರುರಾಜರು ನಡುವೆ ಏನೋ ಹೇಳಹೋದರೆ ಅವಳು ಕಣ್ಣಿನಲ್ಲೇ ಸುಮ್ಮನಿರಿಸಿದಳು.

“ನಾ ಕಳ್ಳಿ ಅಂತ ತಿಳ್ಕೊಂಡಿದ್ದಿ?”

“ಹೂಂ ಎವ್ವಾ.”

“ಎಂದಿನಿಂದ?”

“ಮೊದಲನೇ ವಾರದಿಂದ.”

“ಅಂಥಾಕಿ ಕೈಯಾಗಿನ ರೊಟ್ಟಿ ಎರಡು ತಿಂಗಳ ಉಂಡಿ. ನನ್ನ ಮಗ್ಗಲದಾಗ ಮಲಗಿದಿ. ನನ್ನ ಜೋಡಿ ಹೊಳಿಗೆ ಬಂದಿ.”

“ಹೂಂ.”

“ಯಾರ ಮುಂದ ಹೇಳಿದಿ?”

“ಯಾರ ಮುಂದೂ ಇಲ್ಲ. ಇವತ್ತ ಸರ್ ಮುಂದ.”

“ಹೇಳಲಾರದ್ದಕ್ಕ ನಿನ್ನ ಪರೀಕ್ಷಾ ಹೋಗತಿತ್ತಂತ, ಖರೇನ?”

ಹುಡುಗಿ ಗೋಣು ಹಾಕಿದಳು. ಮಂಜವ್ವ ಮೊರವನ್ನು ಪಕ್ಕಕ್ಕೆ ಇಟ್ಟಳು. ಧೂಳು ಮೆತ್ತಿದ ಎರಡೂ ಕೈಗಳಿಂದ ಆ ಕೆಂಪು ಮುಖವನ್ನು ಹಿಡಿದು, ತನ್ನ ಹಣೆಗೆ ಅದರ ಹಣೆ ಹಚ್ಚಿದಳು.

“ಒಳ್ಳೇಕಿ ಅಂತ ತಿಳದು ಮಂದಿ ಪ್ರೀತಿಲೇ ಜೀವಾ ಮಾಡತಾರವಾ. ಕಳ್ಳಿ ಅಂತ ತಿಳದೂ ಜೀವಾ ಮಾಡಿದಾಕಿ ನೀ ಒಬ್ಬಾಕಿ,” ಎಂದಳು. ಗುರುರಾಜರು ಕನ್ನಡಕ ತೆಗೆದು ಒರೆಸಿಕೊಳ್ಳುವ ನೆವ ಮಾಡಿದರು.

ಅಷ್ಟರಲ್ಲಿ ಹಮ್ಮಿಗಿಯ ಶಂಕ್ರೆವ್ವ ತಲೆಯ ಮೇಲಿನ ಗಂಟನ್ನು ಚಪ್ಪರದಲ್ಲಿ ಇಳಿಸಿದಳು. ಅಪರೂಪಕ್ಕೆ ಪೇಟೆಗೆ ಬರುವವಳು. ಮಂಜವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಸೇರನ್ನು ಜಾಸ್ಮಿನಳ ಕೈಗೆ ಕೊಟ್ಟಳು. ಹುಡುಗಿ ಗಂಟು ಬಿಚ್ಚಿ, ಸೇರು ತುಂಬಿ, ಅಂಗೈಯಿಂದ ಮಟ್ಟ ಮಾಡಿ, “ಲಾಭ” ಎಂದು ಗಟ್ಟಿಯಾಗಿ ಅಂದು ರಾಶಿಗೆ ಸುರಿದಳು. ಎರಡು ಅಂದಳು, ಮೂರು ಅಂದಳು. ಶಂಕ್ರೆವ್ವ ಅವಳ ಬಿಳಿ ಕೈಯನ್ನೂ ಮಂಜವ್ವನ ಒದ್ದೆ ಕಣ್ಣನ್ನೂ ಮೂಗಿನ ಮೇಲೆ ಬೆರಳಿಟ್ಟು ನೋಡಿದಳು.

“ಈಕಿ ಯಾರ ಮಂಜವ್ವಾ? ನಿನ್ನ ಮಗಳೇನ, ಹಿಂಗ ಹಚಗೊಂಡೀಯಲ್ಲ?” ಎಂದು ಚಾಷ್ಟಿ ಮಾಡಿದಳು. “ಗಂಡಹುಡುಗ ಸೋಮ್ಯಾ ಒಬ್ಬನ ಗೊತ್ತಿದ್ದಾ. ಹೆಣ್ಣಮಕ್ಕಳು ಎಷ್ಟವಾ ನಿನಗ?”

ಮಂಜವ್ವ ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಲಾಭ,” ಅಂದಳು.

ಜಾಸ್ಮಿನಳ ಕೈಯಲ್ಲಿ ನಾಲ್ಕನೇ ಸೇರು ಅರ್ಧಕ್ಕೇ ನಿಂತಿತು. ಈ ಸಲ ಅವಳಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಲಿಲ್ಲ.