ಕೂದಲೆಳೆಯಷ್ಟು ಬಿರುಕು

ಆಲುವ ಕಡೆಯ ಮೆಟ್ರೋ ಬರಲು ಇನ್ನೂ ಆರು ನಿಮಿಷವಿತ್ತು. ಭವಾನಿ ಕೊಚ್ಚಿಯ ವೈಟ್ಟಿಲ ನಿಲ್ದಾಣದ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಮೂರನೆಯ ಸಲ ಹೊರಟಿದ್ದಳು. ಹೆಗಲಲ್ಲಿ ಊಟದ ಚೀಲ, ಕಾಲಿಗೆ ಸೀರೆಗೆ ಹೊಂದದ ಬಿಳಿ ಬೂಟು. ಬೆಂಚಿನ ಮೇಲೆ ಕೂತವರು ಅವಳು ಬಂದಾಗಲೆಲ್ಲ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಮಣಿಕಟ್ಟಿನ ವಾಚು ನಾಲ್ಕು ಸಾವಿರದ ನೂರು ಹೆಜ್ಜೆ ತೋರಿಸುತ್ತಿತ್ತು. ಫೋನ್ ತೆರೆದು ಮಗಳದ್ದು ನೋಡಿದಳು. ಮುನ್ನೂರ ಹತ್ತು.

ಅವಳಿಗೆ ನಂಬಿಕೆಯಾಗಲಿಲ್ಲ. ಎಷ್ಟೋ ವಾರಗಳಿಂದ ಬೆಳಗಿನ ಎಂಟು ಗಂಟೆಗೆ ಕೃತಿಯ ಲೆಕ್ಕ ಹತ್ತು ಸಾವಿರದ ಆಸುಪಾಸಿನಲ್ಲೇ ಇರುತ್ತಿತ್ತು. ಭವಾನಿ ಅಲ್ಲೇ ನಿಂತು ಬರೆದಳು: “ಏನಮ್ಮಾ, ಇವತ್ತು ಹಾಸಿಗೆ ಬಿಟ್ಟಿಲ್ವಾ? ನಾನು ಗೆದ್ದೆ!” ಕೊನೆಯಲ್ಲಿ ನಗುವ ಮುಖ ಒಂದನ್ನು ಅಂಟಿಸಿ ಕಳಿಸಿದಳು. ರೈಲು ಪಾಲಾರಿವಟ್ಟಂ ತಲುಪುವಷ್ಟರಲ್ಲಿ ಮಗಳ ಲೆಕ್ಕ ಕದಲಿ ಸಾವಿರದ ಇನ್ನೂರಾಗಿತ್ತು. “ಎದ್ದಳು ನೋಡು” ಎಂದುಕೊಂಡು ಭವಾನಿ ಲಿಫ್ಟಿನ ಕಡೆ ತಿರುಗದೆ ಮೆಟ್ಟಿಲಿಳಿದಳು.

ಇದೆಲ್ಲ ಎರಡು ವರ್ಷದ ಹಿಂದೆ ಶುರುವಾದದ್ದು. ಅವಳು ಕೆಲಸ ಮಾಡುವ ಬ್ಯಾಂಕಿನವರು ಮಾಡಿಸಿದ ತಪಾಸಣೆಯಲ್ಲಿ ಭವಾನಿಯ ಸಕ್ಕರೆ ಗಡಿಯಲ್ಲಿದೆ ಎಂದು ಗೊತ್ತಾಯಿತು. ಅರಸೀಕೆರೆಯ ತಾಯಿಮನೆಯಲ್ಲಿ ಎಲ್ಲರಿಗೂ ಇದ್ದ ಕಾಯಿಲೆ. ಅವಳು ಹೆದರಿ ನಡೆಯತೊಡಗಿದಳು, ನಡೆದು ನಡೆದು ಹನ್ನೊಂದು ಕಿಲೋ ಇಳಿದಳು. ಆಗ ಕೃತಿ ತಿರುವನಂತಪುರದಲ್ಲಿ ಇಂಜಿನಿಯರಿಂಗ್ ಸೇರಿದ್ದಳು. ಕೊಚ್ಚಿಯಲ್ಲೇ ಬೆಳೆದ ಹುಡುಗಿ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವವಳು, ಫೋನಿನಲ್ಲಂತೂ ಅದೂ ಒಂದೆರಡು ಮಾತು. ಇಬ್ಬರ ಹೆಜ್ಜೆಗಳನ್ನೂ ತೋರಿಸುವ ಆ್ಯಪ್ ಹಾಕಿಕೊಂಡ ಮೇಲೆ ಭವಾನಿಗೆ ಸಮಾಧಾನವಾಗಿತ್ತು. ಮಗಳು ಎದ್ದದ್ದು, ಹೊರಟದ್ದು, ಓಡಿದ್ದು ಎಲ್ಲ ಕಾಣುತ್ತಿತ್ತು. ಇಪ್ಪತ್ತು ಸಾವಿರ ದಾಟಿದ ದಿನ ಫೋನ್ ಮಾಡಿ “ಭೇಷ್ ಕಣೇ” ಎನ್ನುತ್ತಿದ್ದಳು. ಆಫೀಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದಳು. ಪಕ್ಕದ ಮೇಜಿನ, ವಯಸ್ಸಿನಲ್ಲಿ ಅಕ್ಕನಂತಿದ್ದ ಜಾಯ್ಸ್ ಚೇಚಿ ಒಮ್ಮೆ ಕನ್ನಡಕ ಮೇಲೆತ್ತಿ ನೋಡಿ, “ಒಂದು ದಿನವೂ ಬಿಡುವಿಲ್ಲವಲ್ಲ ಭವಾನೀ, ಭಾನುವಾರವೂ ಇಷ್ಟೇ ಇದೆ” ಎಂದಿದ್ದಳು. ಅದು ಹೊಗಳಿಕೆಯೆಂದೇ ಭವಾನಿ ತಿಳಿದಿದ್ದಳು.

ಹನ್ನೊಂದು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಆಂಟೀ, ನಾನು ಜೀವಿತಾ. ಕೃತಿಯ ರೂಮಿನವಳು, ಕಾಸರಗೋಡಿನ ಹುಡುಗಿ. ನಾನು ಹೇಳಿದ್ದು ಅಂತ ಅವಳಿಗೆ ಗೊತ್ತಾಗುವುದು ಬೇಡ, ಆಯ್ತಾ?”

“ಏನಾಯ್ತಮ್ಮಾ?”

“ಅವಳ ಕಾಲು ಸರಿ ಇಲ್ಲ ಆಂಟೀ. ಮೂರು ವಾರ ಆಯ್ತು, ದಿನಾ ಐಸ್ ಕಟ್ಟಿಕೊಂಡು ಮಲಗುವುದು. ಬೆಳಿಗ್ಗೆ ಎದ್ದು ಮತ್ತೆ ಓಡುವುದು. ಇವತ್ತು ಬಚ್ಚಲಲ್ಲಿ ಕಾಲು ಊರ್ಲಿಕ್ಕೇ ಆಗ್ಲಿಲ್ಲ. ‘ಇವತ್ತೊಂದು ದಿನ ಮಲಗು ಮಾರಾಯ್ತಿ’ ಅಂತ ನಾನು ಬೈದೆ. ಒಪ್ಪಿ ಮಲಗಿದ್ದಳು. ಮತ್ತೆ ನಿಮ್ಮ ಮೆಸೇಜ್ ಬಂತು ನೋಡಿ... ಅದನ್ನು ಓದಿ ನಗಾಡಿದಳು. ಕಾಲಿಗೆ ಪಟ್ಟಿ ಸುತ್ತಿಕೊಂಡು ಹೊರಟೇ ಬಿಟ್ಟಳು. ಈಗ ಗ್ರೌಂಡಿಗೆ ಸುತ್ತು ಹಾಕ್ತಾ ಇದ್ದಾಳೆ.”

ಭವಾನಿ ಮಗಳಿಗೆ ಫೋನ್ ಮಾಡಿದಳು. ಎರಡು ಸಲ ರಿಂಗಾಗಿ ಕಟ್ಟಾಯಿತು. ‘ಕ್ಲಾಸಲ್ಲಿದ್ದೀನಿ’ ಎಂದು ಮಲಯಾಳದಲ್ಲಿ ಒಂದು ಸಾಲು ಬಂತು. ಆ್ಯಪ್ ತೆರೆದರೆ ಏಳು ಸಾವಿರದ ಅರವತ್ತು. ನೋಡುತ್ತಿದ್ದಂತೆಯೇ ಏಳು ಸಾವಿರದ ನೂರು. ‘ಕಾಲು ಹೇಗಿದೆ’ ಎಂದು ಬರೆದು, ಜೀವಿತಾಳ ಮಾತು ನೆನಪಾಗಿ ಅಳಿಸಿದಳು. ‘ಇವತ್ತು ಸಾಕು ಬಿಡೇ’ ಎಂದು ಕಳಿಸಿದಳು. ತಕ್ಷಣ ಮಲಯಾಳದಲ್ಲೇ ಉತ್ತರ ಬಂತು: ‘ಸೋಲೊಪ್ಪಿಕೋ!’

ಅವಳು ರಜೆಚೀಟಿ ಬರೆದುಕೊಟ್ಟು ಎದ್ದಳು. ದಾರಿಯಲ್ಲಿ ಗಂಡ ಉಪೇಂದ್ರನಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಅವನು “ನಾನೂ ಬರ್ಲಾ?” ಎಂದ. “ಬೇಡ, ಗಾಬರಿಯಾಗ್ತಾಳೆ” ಎಂದಳು. ಗಾಬರಿಯಾಗಿದ್ದವಳು ತಾನೇ.

ಎರ್ನಾಕುಲಂ ಸೌತಿನಲ್ಲಿ ಹತ್ತಿದ ರೈಲು ಕೊಟ್ಟಾಯಂ ದಾಟಿದರೂ ಅವಳಿಗೆ ಕೂರಲಾಗಲಿಲ್ಲ. ಎದ್ದು ಬಾಗಿಲ ತನಕ ಹೋಗುವಳು, ತೊಳೆಯುವ ಬೇಸಿನ್ನಿನ ಕನ್ನಡಿಯಲ್ಲಿ ಮುಖ ನೋಡುವಳು, ತಿರುಗಿ ಬರುವಳು. ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ತನ್ನ ಗಂಡನಿಗೆ ಏನೋ ಪಿಸುಗುಟ್ಟಿದಳು. ಭವಾನಿ ಅದನ್ನು ಲಕ್ಷಿಸದೆ ಮತ್ತೊಂದು ಬೋಗಿಯ ಕೊನೆಯವರೆಗೂ ಹೋಗಿ ಬಂದಳು. ಕೈಯಲ್ಲಿ ಫೋನ್ ಹಿಡಿದೇ ಇದ್ದಳು. ಮಗಳದ್ದು ಒಂಬತ್ತು ಸಾವಿರದ ನಾನೂರಕ್ಕೆ ನಿಂತಿತ್ತು. ನಿಂತಿತಲ್ಲ ಎಂದು ಉಸಿರುಬಿಟ್ಟಳು. ಅಷ್ಟರಲ್ಲಿ ಮತ್ತೆ ಓಡತೊಡಗಿತು. ಹತ್ತು ಸಾವಿರ, ಹತ್ತು ಸಾವಿರದ ನೂರು. ಮತ್ತೆ ನಿಂತಿತು.

ಚೆಂಗನ್ನೂರು ಕಳೆದ ಮೇಲೆ ಅವಳು ತನ್ನ ವಾಚನ್ನು ನೋಡಿಕೊಂಡಳು. ಹತ್ತು ಸಾವಿರದ ನೂರ ಐವತ್ತು. ಫೋನಿನಲ್ಲಿ ಮಗಳ ಅಂಕಿ ಅದೇ ಗಳಿಗೆಯಲ್ಲಿ ಕದಲಿತು. ಅಮ್ಮ ಮುಂದೆ ಹೋದಳೆಂದು ಆ ಕಡೆಯ ಫೋನಿಗೆ ಸುದ್ದಿ ಹೋಗುತ್ತದೆ. ಮಗಳು ಮುಂದೆ ಹೋದರೆ ಈ ಕಡೆಗೆ ಬರುವ ಹಾಗೆಯೇ. ಇಡೀ ದಾರಿ ತಾನು ಇಲ್ಲಿ ತಿರುಗಿದಷ್ಟೂ ಅಲ್ಲಿ ಅವಳು ಆ ಕಾಲೆಳೆದುಕೊಂಡು ಮೇಲೇಳುತ್ತಿದ್ದಳು.

ಭವಾನಿ ಎರಡು ಬೋಗಿಗಳ ನಡುವೆ ಕಂಬಿ ಹಿಡಿದು ನಿಂತುಬಿಟ್ಟಳು. ಹೆಜ್ಜೆ ಎತ್ತಿಡಲು ಭಯವಾಯಿತು. ತನ್ನ ಸೀಟು ಇನ್ನೂ ಒಂದು ಬೋಗಿಯಾಚೆ ಇತ್ತು. ಅಲ್ಲಿಯವರೆಗೆ ನಡೆಯದೆ, ಹತ್ತಿರದ ಸೀಟಿನಲ್ಲಿದ್ದ ಮುದುಕರೊಬ್ಬರಿಗೆ ಕೈ ಮುಗಿದಳು. ಅವರು ಸರಿದು ಜಾಗ ಮಾಡಿಕೊಟ್ಟರು. ಕೂತಳು. ಪಾದ ತನ್ನಷ್ಟಕ್ಕೆ ನೆಲ ತಟ್ಟುತ್ತಿತ್ತು, ಎರಡೂ ಕೈಗಳಿಂದ ಮಂಡಿಗಳನ್ನು ಒತ್ತಿ ಹಿಡಿದಳು. ಕಾಯಂಕುಳಂ ಬಂತು, ಕೊಲ್ಲಂ ಬಂತು. ಚಹಾ ಬಂದಾಗ ಏಳದೆ ಕೈ ಚಾಚಿದಳು. ಕೃತಿಯ ಅಂಕಿ ಹತ್ತು ಸಾವಿರದ ಎಂಟುನೂರರ ಬಳಿ ನಿಂತದ್ದು ಆಮೇಲೆ ಅಲುಗಲಿಲ್ಲ.

ಅವಳು ಕಾಲೇಜು ತಲುಪಿದಾಗ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೈದಾನದ ಅಂಚಿನ ಕಟ್ಟೆಯ ಮೇಲೆ ಕೃತಿ ಒಂದು ಬೂಟು ಬಿಚ್ಚಿಟ್ಟು ಕೂತಿದ್ದಳು. ಮೊಣಕಾಲ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿಕೊಳ್ಳುತ್ತಿದ್ದಳು. ದೂರದಿಂದ ನೋಡಿದಾಗ ಆ ಕಾಲು ಎಷ್ಟು ಸಣಕಲಾಗಿದೆ ಎಂದು ಭವಾನಿಗೆ ಅನಿಸಿತು. ಪರದೆಯಲ್ಲಿ ಮುಖ ನೋಡಿದ್ದಷ್ಟೇ, ಕಾಲು ನೋಡಿ ನಾಲ್ಕು ತಿಂಗಳಾಗಿತ್ತು.

“ಅಮ್ಮ ಎಂದಾ ಇವಿಡೆ?” ಅಮ್ಮ ಇಲ್ಲೇಕೆ ಎಂದು ಕೃತಿ ಬೆಚ್ಚಿದಳು.

“ಸುಮ್ನೆ ಬಂದೆ. ಕಾಲು ತೋರ್ಸು.”

“ಎನಿಕ್ಕೊನ್ನುಮಿಲ್ಲ.” ನನಗೇನೂ ಆಗಿಲ್ಲ ಎಂದು ತೋರಿಸಲು ಎದ್ದು ನಿಂತಳು. ನಿಂತ ಮೇಲೆ ಮುಖ ಬಿಳಿಚಿತು. ಭವಾನಿ ಓಡಿ ಹೋಗಿ ಕಂಕುಳಿಗೆ ಕೈ ಕೊಟ್ಟಳು. ಮಗಳ ಭಾರ ಪೂರ್ತಿ ತನ್ನ ಮೇಲೆ ಬಿದ್ದರೂ ಅದು ಭಾರವೇ ಆಗಲಿಲ್ಲ.

ಮರುದಿನ ಆಸ್ಪತ್ರೆಯ ಮೂಳೆ ವೈದ್ಯೆ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿದ್ದು ಆದದ್ದಲ್ಲ. ಬಿಡುವು ಕೊಡದೆ ದಿನದಿನವೂ ಅದೇ ಜಾಗಕ್ಕೆ ಪೆಟ್ಟು ಕೊಟ್ಟು ಕೊಟ್ಟು ಆದದ್ದು. ಆರು ವಾರ ಓಟವಿಲ್ಲ, ಮೊದಲ ಕೆಲವು ವಾರ ಆ ಕಾಲನ್ನು ನೆಲಕ್ಕೆ ಊರುವಂತೆಯೇ ಇಲ್ಲ. “ಇನ್ನು ಹತ್ತು ದಿನ ಓಡಿದ್ದರೆ ಎರಡು ತುಂಡಾಗುತ್ತಿತ್ತು” ಎಂದರು ವೈದ್ಯೆ ತಮ್ಮ ಮಲಯಾಳದಲ್ಲಿ, ಗದರುವ ದನಿಯೇನೂ ಇರಲಿಲ್ಲ. “ವ್ಯಾಯಾಮ ಮಾಡಿದಾಗ ಮೂಳೆ ಸವೆಯುತ್ತದೆ, ಮಲಗಿದಾಗ ಕೂಡಿಕೊಳ್ಳುತ್ತದೆ. ನೀನು ಮಲಗಲೇ ಇಲ್ಲ.” ಆಮೇಲೆ ಕೃತಿಯನ್ನು ತೂಕದ ಯಂತ್ರದ ಮೇಲೆ ಒಂದೇ ಕಾಲಲ್ಲಿ ನಿಲ್ಲಿಸಿ, ಕಾಗದದಲ್ಲಿ ನಲವತ್ತೊಂದು ಎಂದು ಬರೆದುಕೊಂಡರು. “ಮುಟ್ಟು ಸರಿಯಾಗಿ ಆಗುತ್ತಿದೆಯಾ?”

ಕೃತಿ ಅಮ್ಮನ ಕಡೆ ನೋಡಲಿಲ್ಲ. “ನಿಂತು ಐದು ತಿಂಗಳಾಯಿತು” ಎಂದಳು, ಮಲಯಾಳದಲ್ಲೇ.

ವೈದ್ಯೆ ತಲೆಯಾಡಿಸಿ ರಕ್ತಪರೀಕ್ಷೆ ಬರೆದರು. ಊಟ ಕಡಿಮೆಯಾಗಿ ಓಟ ಹೆಚ್ಚಾದರೆ ಮೈ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆಗೆ ಕೈ ಹಾಕುತ್ತದೆ ಎಂದರು. ಆಹಾರ ತಜ್ಞೆಯೊಬ್ಬರನ್ನೂ ಆಪ್ತ ಸಮಾಲೋಚಕರೊಬ್ಬರನ್ನೂ ಕಾಣಬೇಕೆಂದು ಚೀಟಿ ಕೊಟ್ಟರು. ಭವಾನಿಗೆ ಅರ್ಧ ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಅರಸೀಕೆರೆಯ ಒಂದು ಮದುವೆಮನೆ ನಿಂತಿತ್ತು. ಹದಿನೇಳರ, ಆಗಿನ್ನೂ ದುಂಡಗಿದ್ದ ಕೃತಿ ಜರತಾರಿ ಲಂಗದಲ್ಲಿ ಬಂದಾಗ, ಅತ್ತೆ ಚಿಕ್ಕಮ್ಮಂದಿರ ಎದುರಿಗೆ ತಾನೇ ಹೇಳಿದ ಮಾತು: “ಇವಳ ರವಿಕೆಗೆ ಟೈಲರ್ ಎರಡು ಪೀಸ್ ಕೇಳ್ದ.” ಎಲ್ಲರೂ ನಕ್ಕಿದ್ದರು. ಕೃತಿಯೂ ನಕ್ಕಿದ್ದಳು. ಎಲ್ಲರಿಗಿಂತ ಜೋರಾಗಿ.

ಹೊರಗೆ ಜಗುಲಿಯಲ್ಲಿ ಊರುಗೋಲಿಗಾಗಿ ಕಾಯುತ್ತ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು.

“ಯಾಕೆ ಹೇಳ್ಲಿಲ್ಲ ಕೃತೀ?”

ಈ ಸಲ ಉತ್ತರ ಬಂದದ್ದು ಕನ್ನಡದಲ್ಲಿ, ಬಳಸದೆ ತೊದಲುವ ಕನ್ನಡದಲ್ಲಿ.

“ಇಪ್ಪತ್ತು ಸಾವಿರ ಆದ ದಿನ ಮಾತ್ರ ನೀನು ಫೋನ್ ಮಾಡೋದು ಅಮ್ಮ. ಬೇರೆ ದಿನ ಮಾಡಲ್ಲ.”

ಹಾಗೇನಿಲ್ಲ ಎನ್ನಬೇಕೆಂದು ಭವಾನಿಗಿತ್ತು. ಆದರೆ ಯಾವ ದಿನ, ಯಾವ ಮಾತಿಗೆ ಬೇರೆ ಫೋನ್ ಮಾಡಿದ್ದೆ ಎಂದು ಹುಡುಕಿದಾಗ ಒಂದೂ ಸಿಗಲಿಲ್ಲ.

“ತಪ್ಪಾಯ್ತು ಕಣೇ” ಎಂದಳು. “ಮದುವೆಮನೇಲಿ ಅಂದಿದ್ದೂ ತಪ್ಪು.”

“ಯಾವ ಮದುವೆ?” ಎಂದಳು ಕೃತಿ. ಅವಳ ಮುಖ ನೋಡಿದರೆ ನೆನಪಿದ್ದದ್ದು ಕಾಣುತ್ತಿತ್ತು. ಆಮೇಲೆ ಮುಖವನ್ನು ಅಮ್ಮನ ತೋಳಿಗೆ ಒತ್ತಿಕೊಂಡಳು. ತೋಳು ಒದ್ದೆಯಾಯಿತು. ಅಷ್ಟರಲ್ಲಿ ಮನೋಜ್ ಎಂಬ ಫಿಸಿಯೋಥೆರಪಿಯವನು ಊರುಗೋಲುಗಳನ್ನು ಹಿಡಿದು ಬಂದ. ಅವನು ಕಂಡೂ ಕಾಣದವನಂತೆ ಅವುಗಳ ಎತ್ತರ ಸರಿಮಾಡುತ್ತ ಸ್ವಲ್ಪ ಹೊತ್ತು ಕಳೆದ.

ಮುಂದಿನ ವಾರ ಪರೀಕ್ಷೆಯಿದ್ದುದರಿಂದ ಕೃತಿ ಕೊಚ್ಚಿಗೆ ಬರಲು ಒಪ್ಪಲಿಲ್ಲ. ಭವಾನಿ ರಜೆ ಮುಂದುವರಿಸಿ, ವಾರ್ಡನ್‌ನ ಒಪ್ಪಿಗೆ ಪಡೆದು ಹಾಸ್ಟೆಲಿನಲ್ಲೇ ಉಳಿಯುವುದೆಂದಾಯಿತು. ಕೋಣೆ ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊರುಗೋಲು ಅಭ್ಯಾಸವಾಗುವವರೆಗೆ ಮೆಟ್ಟಿಲನ್ನು ಕೂತೇ ಹತ್ತಬೇಕೆಂದು ಮನೋಜ್ ಹೇಳಿಕೊಟ್ಟಿದ್ದ. ಬೆನ್ನನ್ನು ಮೇಲಿನ ಮೆಟ್ಟಿಲ ಕಡೆ ಮಾಡಿ ಕೂತು, ಕೈಯೂರಿ, ಗಟ್ಟಿ ಕಾಲಿನಿಂದ ಒದ್ದು, ಒಂದೊಂದೇ ಮೆಟ್ಟಿಲು. ಕೃತಿ ಕೆಳಗಿನ ಮೆಟ್ಟಿಲಲ್ಲಿ ಕೂತು ಸುತ್ತ ನೋಡಿದಳು. ಸಂಜೆಯ ಹೊತ್ತು, ಹುಡುಗಿಯರು ಇಳಿದು ಬರುತ್ತಿದ್ದರು. ಅವಳ ಕಿವಿ ಕೆಂಪಾಯಿತು.

ಭವಾನಿ ಸೀರೆಯ ನೆರಿಗೆ ಒಟ್ಟುಗೂಡಿಸಿ ಮಗಳ ಪಕ್ಕದಲ್ಲೇ ಕೂತಳು. ಊರುಗೋಲುಗಳನ್ನು ಮಡಿಲಿಗೆ ಅಡ್ಡ ಹಾಕಿಕೊಂಡು, ಕೈಯೂರಿ, ತಾನೂ ಒಂದು ಮೆಟ್ಟಿಲು ಹಿಂದಕ್ಕೇರಿದಳು.

“ಅಮ್ಮಾ! ನೀನ್ಯಾಕೆ?”

“ಬಾರೇ.”

ಹುಡುಗಿಯರು ಗೋಡೆಗೆ ಒತ್ತಿಕೊಂಡು ಇಳಿದರು. ಮೊದಲ ತಿರುವಿಗೆ ಬರುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಹೊರಗಿನಿಂದ ಜೀವಿತಾ ಓಡಿ ಬಂದು, ಇವರನ್ನು ಕಂಡು ಏನೂ ಕೇಳದೆ ಕೆಳಗಿನ ಮೆಟ್ಟಿಲಲ್ಲಿ ತಾನೂ ಕೂತಳು. ಕೈಯಲ್ಲಿ ಕ್ಯಾಂಟೀನಿನ ಪೊಟ್ಟಣವಿತ್ತು.

“ಪಳಂಪೊರಿ. ನಮ್ಮಲ್ಲಿ ಬಾಳೆಹಣ್ಣಿನ ಪೋಡಿ ಅಂತ ಹೇಳುವುದು. ಬಿಸಿ ಉಂಟು ಆಂಟೀ.”

ಹಳೆಯ ಪತ್ರಿಕೆಯ ಕಾಗದ ಬಿಚ್ಚಿ ಅವರಿಬ್ಬರ ನಡುವೆ ಇಟ್ಟಳು. ಎಣ್ಣೆ ಸುದ್ದಿಯ ಅಕ್ಷರಗಳ ಮೇಲೆ ನಿಧಾನವಾಗಿ ಹರಡುತ್ತಿತ್ತು. ಕೃತಿ ಅದನ್ನೇ ನೋಡಿದಳು. ಭವಾನಿ ತಿನ್ನು ಎನ್ನಲಿಲ್ಲ. ತಿರುವಿನ ಕಿಟಕಿಯಾಚೆ ಯಾರೋ ತಂತಿಯ ಮೇಲೆ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ತೆಗೆಯುತ್ತಿದ್ದರು. ಭವಾನಿ ಅತ್ತ ಮುಖ ಮಾಡಿದಳು. ಹಿಂದೆ, ಕೃತಿಯ ಕಡೆಯಿಂದ, ಕಾಗದ ಸಣ್ಣಗೆ ಸದ್ದು ಮಾಡಿತು. ಅವಳು ತಿರುಗಲಿಲ್ಲ. ತಂತಿಯ ಮೇಲಿನ ಕೊನೆಯ ಬಟ್ಟೆಯೂ ಹೋಗುವವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.